ಹಿಡಿಯಕ್ಕಿಗೊಂದು ಹೆಸರು

ಫೆಬ್ರವರಿ 4, ಮಂಗಳವಾರ. ಬೆಳಿಗ್ಗೆ

…ಮನೆಗೆ ಹೋದನಾ ಅಂದಳೋ, ಇನ್ನೂ ಇದಾನಾ ಅಂದಳೋ. ‘ಆ ಗಾಡಿಯವನು’ ಎಂದು ಶುರು ಮಾಡಿದ್ದು ಖಚಿತ. ಮುಂದಿನದು ನೆನಪಿಲ್ಲ. ಆಸ್ಪತ್ರೆ, ಮೊದಲ ದಿನದ ಸಂಜೆ. ಅಕ್ಕ ಆಡಿದ ಕೊನೆಯ ಪೂರ್ತಿ ಮಾತು ಅದು. ನಾನು ಸ್ಕ್ಯಾನ್ ರಿಪೋರ್ಟ್ ಓದುತ್ತಿದ್ದೆ. ತಲೆಯೆತ್ತದೆ ಹ್ಞೂಂ ಎಂದೆ. ಯಾವುದಕ್ಕೆ ಹ್ಞೂಂ ಎಂದೆ ಎಂದು ಈಗ ಹುಡುಕುತ್ತಿದ್ದೇನೆ. ಆಮೇಲೆ ಅವಳಿಗೆ ಪ್ರಜ್ಞೆ ಬರಲಿಲ್ಲ. ವಾರದೊಳಗೆ ಹೋದಳು.

ಬೇಲೂರಿನ ರೂಮು ಬಿಟ್ಟಿಲ್ಲ. ಆದರೂ ಅರಸೀಕೆರೆಯಲ್ಲೇ ಇದ್ದೇನೆ, ಅಕ್ಕನ ಮನೆಯಲ್ಲಿ. ಇಲ್ಲಿಂದಲೇ ಕಾಲೇಜಿಗೆ ಬಸ್ಸು. ಜಾವಗಲ್, ಹಳೇಬೀಡು, ಬೇಲೂರು. ಸ್ಟಾಫ್ ರೂಮಿನಲ್ಲಿ ಕೇಳಿದವರಿಗೆ ಮನೆ ಖಾಲಿ ಮಾಡುವುದಿದೆ ಎಂದಿದ್ದೇನೆ. ಒಂದು ಲೋಟದ ಜಾಗವನ್ನೂ ಬದಲಿಸಿಲ್ಲ.

ಗೇಟಿನಲ್ಲಿ ಮತ್ತೆ ತೆಂಗಿನಕಾಯಿ ಚೀಲ. ಯಾರು ನೇತುಹಾಕಿದ್ದೆಂದು ಗೊತ್ತು. ಜಾವಗಲ್‌ನ ಕುಮಾರ. ಕಾಯಿ ಹೇರಿಕೊಂಡು ಮಾರ್ಕೆಟ್ಟಿಗೆ ಬರುತ್ತಿದ್ದ ಅವನ ಗೂಡ್ಸ್ ಆಟೋ ಸ್ಟೇಷನ್ ರಸ್ತೆಯಲ್ಲಿ ಅಕ್ಕನಿಗೆ ಬಡಿಯಿತು. ಅಡ್ಡ ಬಂದ ದನ ತಪ್ಪಿಸಲು ಹೋದೆ ಎಂದು ಪೊಲೀಸರಿಗೆ ಹೇಳಿದ್ದಾನೆ. ಇರಬಹುದು. ಚೀಲವನ್ನು ಜಗಲಿಯ ಮೂಲೆಗೆ ಕಾಲಲ್ಲಿ ತಳ್ಳಿದೆ. ಅಲ್ಲಿ ಹಿಂದಿನವೂ ಇವೆ.

ಫೆಬ್ರವರಿ 11, ಮಂಗಳವಾರ

ಅನ್ನ ಸರಿಯಾಗುತ್ತಿಲ್ಲ. ಸ್ಟೀಲ್ ಡಬ್ಬದ ಅಕ್ಕಿ ಮುಗಿಯಿತು. ಮೂಲೆಯಲ್ಲಿದ್ದ ಪಿಂಗಾಣಿ ಜಾಡಿಯಲ್ಲಿ ಇನ್ನಷ್ಟು ಸಿಕ್ಕಿತು. ಅದನ್ನೇ ಹಾಕುತ್ತಿದ್ದೇನೆ. ಬೆಂದರೆ ಅರ್ಧ ಮುದ್ದೆ, ಅರ್ಧ ಕಲ್ಲು. ದಪ್ಪಕ್ಕಿ, ಸಣ್ಣಕ್ಕಿ, ಹಳೆಯದು, ಹೊಸದು — ಎಲ್ಲ ಒಂದರಲ್ಲೇ. ಅಕ್ಕ ಇಂಥ ಕಲಸುಮೇಲೋಗರದವಳಲ್ಲ. ನರ್ಸ್ ಕೆಲಸ ಮಾಡಿದವಳು, ಜೀರಿಗೆ ಡಬ್ಬಕ್ಕೂ ಚೀಟಿ ಅಂಟಿಸಿದವಳು. ಇನ್ನೊಂದು ಸೀಟಿ ಕೂಗಿಸಿದೆ. ಮೆತ್ತಗಿದ್ದದ್ದು ಇನ್ನೂ ಮೆತ್ತಗಾಯಿತು. ಗಟ್ಟಿಯದು ಗಟ್ಟಿಯೇ. ಮೊಸರು ಕಲಸಿ ನುಂಗಿದೆ.

ಎರಡನೇ ವರ್ಷದವರಿಗೆ ಇವತ್ತು ‘ಶಿಲ್ಪವನ್ನು ನೋಡುವುದು ಹೇಗೆ’. ಬೇಲೂರಿನ ಗುಡಿಯ ಬಾಗಿಲಲ್ಲಿ ನಿಲ್ಲಿಸಿ ಪ್ರತಿ ವರ್ಷದ ಜೋಕು ಹೇಳಿದೆ: ಭಕ್ತಿಯನ್ನು ಚಪ್ಪಲಿ ಜೊತೆ ಹೊರಗೆ ಬಿಟ್ಟು ಬನ್ನಿ, ಆಗ ಕಲ್ಲು ಕಾಣುತ್ತದೆ. ನಕ್ಕರು. ಅಕ್ಕನಿಗೂ ಇದನ್ನು ಹೇಳಿದ್ದೆ ಒಮ್ಮೆ. ಸೊಪ್ಪು ಬಿಡಿಸುತ್ತಾ, ‘ಚಪ್ಪಲೀನ ವಾಪಸ್ ಹಾಕ್ಕೊಂಡೇ ಹೋಗ್ತಾರಲ್ಲೋ’ ಅಂದಿದ್ದಳು.

ಫೆಬ್ರವರಿ 16, ಭಾನುವಾರ. ಮಧ್ಯಾಹ್ನ

ಚರ್ಚು ಬಿಟ್ಟ ಮೇಲೆ ಸಮಾಧಾನಮ್ಮ ಬಂದರು. ಸ್ತ್ರೀಸಮಾಜದ ಹಿರಿಯಾಕೆ, ರೈಲ್ವೆ ಗ್ಯಾಂಗ್‌ಮನ್ನರೊಬ್ಬರ ವಿಧವೆ. ಹೆಸರಿನಲ್ಲಷ್ಟೇ ಸಮಾಧಾನ. ಚಿಕ್ಕಂದಿನಲ್ಲಿ ನನ್ನ ಕಿವಿ ಹಿಂಡಿದವರು. ಕೈಯಲ್ಲೊಂದು ಬಟ್ಟೆಚೀಲ. ನೀರು ಕೇಳಿ ಕುಡಿದರು, ನೇರ ಅಡುಗೆಮನೆಗೆ ಹೋದರು. ಜಾಡಿಯ ಮುಚ್ಚಳ ತೆಗೆದ ಸದ್ದು.

“ಇದರಲ್ಲಿದ್ದ ಅಕ್ಕಿ ಏನಾಯ್ತೋ ದೇವು?”

ತಿಂದೆ ಎಂದೆ.

ಅಲ್ಲೇ ನೆಲದ ಮೇಲೆ ಕೂತರು. ಅಳುತ್ತಾರೆ ಅಂದುಕೊಂಡೆ. ನಗುತ್ತಿದ್ದರು. ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು.

ಅದು ಹಿಡಿಯಕ್ಕಿ. ನನಗೆ ಗೊತ್ತಿರಬೇಕಿತ್ತು, ಅಮ್ಮನೂ ಇಡುತ್ತಿದ್ದಳಂತೆ. ಅಡುಗೆಗೆ ಅಕ್ಕಿ ಅಳೆದ ಮೇಲೆ, ತೊಳೆಯುವ ಮೊದಲು, ಅದರಿಂದಲೇ ಒಂದು ಹಿಡಿ ತಿರುಗಿ ತೆಗೆದಿಡುವುದು. ತೆಗೆಯುವಾಗ ಒಬ್ಬರ ಹೆಸರು ಹೇಳಿ ಪ್ರಾರ್ಥಿಸುವುದು. ತಿಂಗಳಿಗೊಮ್ಮೆ ಎಲ್ಲ ಮನೆಯದೂ ಚರ್ಚಿಗೆ ಹೋಗುತ್ತದೆ. ರೇಷನ್ ಅಕ್ಕಿ, ಅಂಗಡಿ ಅಕ್ಕಿ, ಯಾವ ದಿನ ಯಾವುದೋ ಅದರದೊಂದು ಹಿಡಿ. ಅದಕ್ಕೇ ಒಂದೇ ಸಮ ಬೇಯದೆ ಇದ್ದದ್ದು.

ಅಕ್ಕ ಯಾರ ಹೆಸರು ಹೇಳುತ್ತಿದ್ದಳು ಎಂದು ಕೇಳಬಾರದಿತ್ತು. ಕೇಳಿದೆ.

“ಇನ್ಯಾರ್ದು? ನಿಂದೇ. ನೀನು ಚರ್ಚು ಬಿಟ್ಟಾಗ್ಲಿಂದ. ನಾವೆಲ್ಲ ಹೆಸರು ಬದಲಾಯಿಸ್ಕೋತಾನೇ ಇರ್ತೀವಿ — ಒಬ್ಳಿಗೆ ಮಗು ಆಯ್ತು, ಇನ್ನೊಬ್ಬ ಕುಡಿಯೋದು ಬಿಟ್ಟ. ನಿಮ್ಮಕ್ಕಂದು ಮಾತ್ರ ಅದೇ ಹಾಡು. ‘ಎಸ್ತರಮ್ಮ, ಈ ಬೀಜ ಮೊಳೆಯಲ್ಲ, ಬೇರೆ ಹಾಕಮ್ಮ’ ಅಂತ ರೇಗಿಸ್ತಿದ್ವಿ.”

ಅದಕ್ಕೆ ಅವಳು?

“ಯೇಸುಸ್ವಾಮೀನೇ ಆ ಕುರುಡನ ಕಣ್ಮೇಲೆ ಎರಡ್ಸಲ ಕೈ ಇಡಬೇಕಾಯ್ತು, ನಂದು ನರ್ಸಮ್ಮನ ಕೈ, ಇನ್ನೊಂದಿಷ್ಟು ಸಲ ಬೇಕು — ಅನ್ನೋಳು.”

ಹೊರಡುವಾಗ ಹೊಸಿಲಲ್ಲಿ ನಿಂತು ನನ್ನನ್ನೇ ನೋಡಿದರು. ನಿನಗೋಸ್ಕರ ಇಟ್ಟದ್ದನ್ನು ನೀನೇ ತಿಂದೆ, ಬಿಡು ಎಂದರು. ಜಾಡಿ ಮಾತ್ರ ಖಾಲಿ ಇಡಬೇಡ ಎಂದರು.

ಸಂಜೆ

ಆ ಕಥೆ ನೆನಪಿದೆ. ಸಂಡೇ ಸ್ಕೂಲಿನದು. ಮೊದಲ ಸಲ ಕೈಯಿಟ್ಟಾಗ ಕುರುಡನಿಗೆ ಮನುಷ್ಯರೇನೋ ಕಂಡರು, ಆದರೆ ನಡೆದಾಡುವ ಮರಗಳ ಹಾಗೆ. ಎರಡನೇ ಸಲ ಕೈಯಿಟ್ಟ ಮೇಲೇ ಸರಿಯಾದದ್ದು. ಕಾಲೇಜು ಸೇರಿದ ಹೊಸತರಲ್ಲಿ ಚರ್ಚಿನ ಅಯ್ಯನವರನ್ನು ಇದೇ ಕಥೆಯಲ್ಲಿ ಸಿಕ್ಕಿಸಿದ್ದೆ — ಸರ್ವಶಕ್ತನಿಗೆ ರಿಪೇರಿ ಯಾಕೆ ಬೇಕಾಯಿತು? ಗೆದ್ದೆ. ಆಮೇಲೆ ಹೋಗಲಿಲ್ಲ.

ಹೆಚ್ಚುಕಡಿಮೆ ಜೀವಮಾನವಿಡೀ ದಿನಕ್ಕೆರಡು ಹೊತ್ತು ನನ್ನ ಹೆಸರು ಈ ಅಡುಗೆಮನೆಯಲ್ಲಿ… ಬೇಲೂರಿನಲ್ಲಿ ನಾನು ಆ ಹೊತ್ತಿಗೆ ಏನು ಮಾಡುತ್ತಿದ್ದೆ?

ಫೆಬ್ರವರಿ 18, ಮಂಗಳವಾರ

ಒಂದು ಮೂಟೆ ಸಣ್ಣಕ್ಕಿ ಆಟೋದಲ್ಲಿ ಹಾಕಿಸಿಕೊಂಡು ಹೋಗಿ ಸಮಾಧಾನಮ್ಮನ ಬಾಗಿಲಲ್ಲಿ ಇಳಿಸಿದೆ. ಮುಗಿಯಿತು ಅಂದುಕೊಂಡಿದ್ದೆ. ಅವರು ಮೂಟೆಯ ಕಡೆ ನೋಡಲೇ ಇಲ್ಲ.

“ಇದು ದಾನ. ಬೇಕಾದ್ರೆ ಅಯ್ಯನೋರಿಗೆ ಕೊಡು, ಮೈಕಲ್ಲಿ ಹೆಸರು ಹೇಳ್ತಾರೆ. ಹಿಡಿಯಕ್ಕಿ ಅಂದ್ರೆ ನಿನ್ನ ಅನ್ನದಲ್ಲಿ ಒಂದು ಹಿಡಿ ಕಮ್ಮಿ ಆಗ್ಬೇಕು ಕಣೋ.”

ಅದೇ ಆಟೋದಲ್ಲಿ ವಾಪಸು. ಸಂಜೆ ಒಂದು ಪಾವು ಅಳೆದು ಹಿಡಿ ತೆಗೆದೆ. ಖಾಲಿ ಜಾಡಿಯ ತಳಕ್ಕೆ ಬಿದ್ದಾಗ ಸದ್ದು ದೊಡ್ಡದಾಗಿತ್ತು. ಹೆಸರು? ‘ಅಕ್ಕ’ ಎಂದೆ. ಇನ್ಯಾರಿದ್ದಾರೆ.

ಫೆಬ್ರವರಿ 23, ಭಾನುವಾರ

ಅದೂ ನಡೆಯುವುದಿಲ್ಲವಂತೆ. ತರಕಾರಿ ಗಾಡಿಯ ಹತ್ತಿರ ಸಮಾಧಾನಮ್ಮ ಸಿಕ್ಕಿದರು. ಹೇಳಿದೆ. ತಲೆಯಾಡಿಸಿದರು. “ಸತ್ತೋರ ಹೆಸರಲ್ಲಿ ಇಡಲ್ಲಪ್ಪ ನಾವು. ಅವಳು ಸೇರೋ ಕಡೆ ಸೇರಿದಾಳೆ. ಬದುಕಿರೋರದ್ದು ಯಾರ್ದಾದ್ರೂ ಹೇಳು.” ಮತ್ತೆ ಬದನೆಕಾಯಿ ಚೌಕಾಸಿಗೆ ತಿರುಗಿದರು.

ಬದುಕಿರುವವರು.

ಸಂಜೆ ಒಲೆಯ ಮುಂದೆ ಹಿಡಿ ಮುಚ್ಚಿಕೊಂಡು ನಿಂತೆ. ಐವತ್ತು ದಾಟಿದ ಮನುಷ್ಯ. ಒಳ್ಳೆಯದಾಗಲಿ ಎಂದು ಹೇಳಲು ಒಂದು ಹೆಸರು ಬಾಯಿಗೆ ಬರಲಿಲ್ಲ. ಸಹೋದ್ಯೋಗಿಗಳಿದ್ದಾರೆ, ವಿದ್ಯಾರ್ಥಿಗಳಿದ್ದಾರೆ, ಅವರ ಪಟ್ಟಿ ಬಂತು, ಮುಖ ಬರಲಿಲ್ಲ. ದ್ವೇಷವೂ ಇಲ್ಲ ಯಾರ ಮೇಲೂ. ಒಬ್ಬನನ್ನು ಬಿಟ್ಟರೆ. ಕೈ ಬೆವೆತು ಅಕ್ಕಿ ಅಂಗೈಗೆ ಅಂಟಿಕೊಂಡಿತು. ಕೊಡವಿ ಜಾಡಿಗೆ ಹಾಕಿದೆ, ಹೆಸರಿಲ್ಲದೆ.

ಮಾರ್ಚ್ 5, ಬೂದಿ ಬುಧವಾರ

ಹೆಸರಿಲ್ಲದೆಯೇ ನಡೆಯುತ್ತಿದೆ. ಯಾಕೆ ಬಿಡುವುದಿಲ್ಲ, ತಿಳಿಯದು. ಬಹುಶಃ ಕೈಗೆ ರೂಢಿಯಾಗಿದೆ.

ಇವತ್ತೂ ಮೊದಲ ಬಸ್ಸು. ಇನ್ನೂ ಸರಿಯಾಗಿ ಬೆಳಕಾಗಿರಲಿಲ್ಲ. ಕಿಟಕಿಯ ಗಾಜಿಗೆ ಧೂಳು. ಜಾವಗಲ್ ಹತ್ತಿರ ಹೊರಗೆ ಯಾರೋ ಕಾಯುತ್ತಿದ್ದರು, ಹಿಂದೆ ತೆಂಗಿನ ತೋಟ. ಯಾವುದು ಮರ ಯಾವುದು ಮನುಷ್ಯ ಎಂದು ಗೊತ್ತಾಗಲಿಲ್ಲ. ಒಂದು ಮರ ಕೈಯೆತ್ತಿ ಬಸ್ಸು ನಿಲ್ಲಿಸಿತು. ಹತ್ತಿತು. ಮುಂದಿನ ಸೀಟಿನಲ್ಲಿ ಕೂತು ತಿರುಗಿ ನೋಡಿ, “ಏನ್ ಸಾರ್, ಇವತ್ತೂ ಕಿಟಕೀನೇನಾ?” ಎಂದಿತು.

ಮಾದಮ್ಮ ಎಂದು ಹೆಸರು. ಹಳೇಬೀಡಿನ ಒಂದು ಸ್ಕೂಲಿನಲ್ಲಿ ಬಿಸಿಯೂಟ ಬೇಯಿಸುತ್ತಾಳೆ. ತಿಂಗಳಿಂದ ಇದೇ ಸೀಟಿನಲ್ಲಿ ನನ್ನ ಮುಂದೆಯೇ ಇದ್ದಳಂತೆ. ನನಗೆ ಹೆರಳೂ ನೆನಪಿಲ್ಲ. ಮಂಡಿನೋವು, ಹಂಡೆ ಇಳಿಸುವಾಗ ಜೀವ ಹೋಗತೈತೆ ಎಂದಳು. ಇಳಿಯುವಾಗ ಕಂಬಿ ಹಿಡಿದು ಒಂದೊಂದೇ ಕಾಲು ಇಟ್ಟಳು. ನೋಡಿದೆ.

ಸಂಜೆ ಹಿಡಿ ತೆಗೆದಾಗ ‘ಮಾದಮ್ಮನ ಮಂಡಿ’ ಎಂದೆ. ಪ್ರಾರ್ಥನೆ ಎನ್ನಲಾಗದು. ಆದರೂ.

ಮಾರ್ಚ್ 22, ಶನಿವಾರ

ವಿದ್ಯಾರ್ಥಿಗಳ ಜೊತೆ ಹಳೇಬೀಡು. ಬಸದಿಯ ನುಣುಪು ಕಂಬದಲ್ಲಿ ಮುಖ ನೋಡಿಕೊಳ್ಳಲು ಎಂದಿನ ನೂಕುನುಗ್ಗಲು. ಅವರು ಹೋದ ಮೇಲೆ ನಾನೂ ನೋಡಿದೆ. ಕಂಬ ಮುಖವನ್ನು ಉದ್ದಕ್ಕೆ ಎಳೆದಿತ್ತು. ಕಣ್ಣು ಬಾಯಿ ಬೇರೆಯಾಗಿ ಕಾಣಲಿಲ್ಲ. ಒಂದು ಕಾಂಡ.

ಜಿನದಾಸನ ಅಂಗಡಿಗೆ ಹೋದೆ. ಹೈಸ್ಕೂಲಿನಿಂದ ಗೆಳೆಯ, ಪಾತ್ರೆ ವ್ಯಾಪಾರ. ಹೊತ್ತು ಮುಳುಗುವ ಮೊದಲೇ ಊಟಕ್ಕೆ ಎಬ್ಬಿಸಿದ. ಅವರ ಮನೆಯಲ್ಲಿ ಕತ್ತಲಾದ ಮೇಲೆ ಉಣ್ಣುವುದಿಲ್ಲ. ಅವನ ಹೆಂಡತಿ ರತ್ನಪ್ರಭಾ ಬಡಿಸುತ್ತಿದ್ದರು. ಜಿನದಾಸ ತಟ್ಟೆ ನೋಡುತ್ತಾ, ಜಾವಗಲ್ ಸಂತೆಯಲ್ಲಿ ಸಿಕ್ಕಿದ್ದ ಕುಮಾರನ ವಿಷಯ ತೆಗೆದ. ಗಾಡಿ ಇನ್ನೂ ಪೊಲೀಸ್ ಸ್ಟೇಷನ್ ಅಂಗಳದಲ್ಲಿದೆಯಂತೆ, ಟೈರು ಕೂತಿವೆ. ಅವನೀಗ ಬೇರೆಯವರ ಕಾಯಿ ಮೂಟೆ ಹೊರುತ್ತಾನೆ. ನನ್ನ ಹತ್ತಿರ ಏನೋ ಹೇಳುವುದಿದೆಯಂತೆ. ಗೇಟಿನವರೆಗೆ ಬರುತ್ತಾನೆ, ಕಾಯಿ ಇಡುತ್ತಾನೆ, ಬಾಗಿಲು ತಟ್ಟಲು ಧೈರ್ಯವಿಲ್ಲ.

ಕೋರ್ಟಿದೆ, ಅಲ್ಲಿ ಹೇಳಲಿ ಎಂದೆ.

“ನೋಡಪ್ಪ, ನಮ್ಮಲ್ಲಿ ಕ್ಷಮೆ ಕೇಳಕ್ಕೆ ವರ್ಷಕ್ಕೊಂದು ದಿನ ಐತೆ,” ಎಂದ ಜಿನದಾಸ. “ಊರೋರಿಗೆಲ್ಲ ಒಂದೇ ಸಲ ಕೈ ಮುಗಿದ್ರೆ ಮುಗೀತು. ಹೋಲ್‌ಸೇಲ್. ನಿಮ್ಮಕ್ಕಂದು ದಿನಾ ರೀಟೇಲ್ ವ್ಯಾಪಾರ. ಅದೇ ಕಷ್ಟ.”

ರತ್ನಪ್ರಭಾ ನಕ್ಕರು. ನಾನೂ ನಕ್ಕೆ ಎಂದು ಕಾಣುತ್ತದೆ.

ಏಪ್ರಿಲ್ 2, ಬುಧವಾರ

ಕಂಡೆ. ಮೊದಲ ಸಲ ಕಂಡೆ ಎನ್ನಬೇಕು. ಆಸ್ಪತ್ರೆಯ ವರಾಂಡದಲ್ಲಿ ಅವನ ಚಪ್ಪಲಿ ಮಾತ್ರ ನೋಡಿದ್ದೆ. ಜಾವಗಲ್‌ನಲ್ಲಿ ಬಸ್ಸು ನಿಂತಿತ್ತು. ಎದುರಿಗೆ ಲಾರಿ. ಬೆನ್ನ ಮೇಲೆ ಮೂಟೆ. ನಲವತ್ತರ ಹತ್ತಿರ, ತೆಳ್ಳಗೆ, ಕಿವಿ ಪಕ್ಕ ಕೂದಲು ನರೆತಿದೆ. ಯಾಕೋ ಹುಡುಗ ಎಂದುಕೊಂಡಿದ್ದೆ. ಬಸ್ಸಿನ ಕಡೆ ತಿರುಗಿದ. ನನ್ನನ್ನು ಗುರುತು ಹಿಡಿದ. ಮೂಟೆ ಹೊತ್ತೇ ನಿಂತುಬಿಟ್ಟ — ಇಳಿಸಲೂ ಇಲ್ಲ, ನಡೆಯಲೂ ಇಲ್ಲ. ಹಿಂದಿನವನು ‘ಏನ್ಲಾ ಕುಮಾರ, ಹೋಗ್ಲಾ’ ಎಂದು ಕೂಗುತ್ತಿದ್ದ. ಬಸ್ಸು ಹೊರಟಿತು.

ಸಂಜೆ ಹಿಡಿ ತೆಗೆದಾಗ ಅವನ ಹೆಸರು ನಾಲಿಗೆಯ ಮೇಲೇ ಬಂತು. ಕರೆಯದೆ ಬಂತು. ಹೇಳಲಿಲ್ಲ. ಅಕ್ಕಿಯನ್ನು ಪಾತ್ರೆಗೇ ವಾಪಸು ಸುರಿದೆ. ಒಂದು ಹಿಡಿ ಹೆಚ್ಚು ಅನ್ನ. ತಿನ್ನಲಾಗದೆ ಉಳಿಯಿತು.

ಏಪ್ರಿಲ್ 11, ಶುಕ್ರವಾರ

ಆವತ್ತಿನಿಂದ ಹೋಟೆಲ್ ಊಟ. ಜಾಡಿಯ ಕಡೆ ಹೋಗಿರಲಿಲ್ಲ.

ಇವತ್ತು ಬಸ್ಸಿನಲ್ಲಿ ಒಂದು ಯೋಚನೆ. ಅಕ್ಕ ಒಂದು ಹೊತ್ತಾದರೂ ತಪ್ಪಿಸಿರಬಹುದೆ? ಅವಳ ದೇವರನ್ನು ನಾನು ಗೇಲಿ ಮಾಡಿ ಫೋನ್ ಇಟ್ಟ ದಿನ? ಕ್ರಿಸ್ಮಸ್ಸಿಗೆ ಬರುತ್ತೇನೆಂದು ಹೇಳಿ ಬರದ ದಿನ? ಆ ಸಂಜೆಗಳಲ್ಲಿ ಹಿಡಿ ಹೇಗೆ ಮುಚ್ಚುತ್ತಿದ್ದಳು? ಅವಳಿಗೂ ಕೆಲವು ದಿನ ಬರಿಯ ಹೆಸರಷ್ಟೇ ಇದ್ದಿರಬೇಕು. ಹೆಸರು, ಅಕ್ಕಿ, ಬೇರೇನೂ ಇಲ್ಲ. ನಂಬಿಕೆ ಎಂದರೆ ಮನಸ್ಸು ತುಂಬಿರುವುದು ಎಂದುಕೊಂಡಿದ್ದೆ. ಖಾಲಿ ಮನಸ್ಸಿನಲ್ಲೂ ಕೈ ಹೋಗಿ ಬರುವುದು ಎಂದು ಯಾರೂ ಹೇಳಿರಲಿಲ್ಲ. ಹೇಳಿದ್ದಳೇನೋ.

ಮನೆಗೆ ಬಂದು ಅಕ್ಕಿ ಅಳೆದೆ. ಹಿಡಿ ತೆಗೆದೆ. “ಕುಮಾರ.” ಹಾಜರಿ ಕರೆದ ಹಾಗೆ ಇತ್ತು ದನಿ. ಒಳ್ಳೆಯದಾಗಲಿ ಎನ್ನಲಿಲ್ಲ. ಏನೂ ಆಗಲಿಲ್ಲ. ಕುಕ್ಕರ್ ಕೂಗಿತು.

ಏಪ್ರಿಲ್ 16, ಬುಧವಾರ

ದಿನವೂ ಅದೇ ಹೆಸರು. ಇವತ್ತು ಮುಂದೆ ‘ಕರ್ತನೇ’ ಎಂದು ಸೇರಿಸಿದೆ. ಬಹಳ ವರ್ಷ ಸುತ್ತಿಟ್ಟ ಚಾಪೆಯ ಹಾಗೆ ಆ ಪದ — ಬಿಚ್ಚಿದರೂ ಮತ್ತೆ ಸುತ್ತಿಕೊಳ್ಳುತ್ತದೆ. ಎರಡು ಸಲ ಹೇಳಿದೆ. ಆಮೇಲೆ ಅಡುಗೆಮನೆಯ ನೆಲದ ಮೇಲೆ ಕೂತಿದ್ದೆ, ಎಷ್ಟು ಹೊತ್ತೋ. ಅನ್ನ ಸೀದಿತು.

ಏಪ್ರಿಲ್ 18, ಶುಭ ಶುಕ್ರವಾರ. ಸಂಜೆ

ಜಾಡಿಯನ್ನು ನಾನೇ ಹೊತ್ತುಕೊಂಡು ಹೋದೆ. ಮೂರು ಗಂಟೆಯ ಆರಾಧನೆ ಮುಗಿದ ಮೇಲೆ ಉಪವಾಸ ಬಿಡುವುದು ಗಂಜಿಯಲ್ಲಿ. ಈ ಸಲದ ಹಿಡಿಯಕ್ಕಿಯೆಲ್ಲ ಅದಕ್ಕೇ. ಬೆಳಿಗ್ಗೆಯೇ ಎಲ್ಲ ಮನೆಯ ಅಕ್ಕಿಯೂ ಒಂದೇ ಹಂಡೆಗೆ ಬಿತ್ತು. ಎಷ್ಟು ಜನರ ಹೆಸರು ಅದರಲ್ಲಿ. ಗಂಜಿಯಲ್ಲಿ ಗಟ್ಟಿ, ಮೆತ್ತಗೆ ಎಂಬುದಿಲ್ಲ. ಅಷ್ಟು ಹೊತ್ತು ಬೇಯಿಸುತ್ತಾರೆ.

ಕೊನೆಯ ಬೆಂಚಿನಲ್ಲಿ ಕೂತಿದ್ದೆ. ಯಾರೂ ತಿರುಗಿ ನೋಡಲಿಲ್ಲ. ನೋಡಬಾರದೆಂದು ಸಮಾಧಾನಮ್ಮ ಮೊದಲೇ ಹೆದರಿಸಿದ್ದರಂತೆ.

ಹೊರಗೆ ಅಂಗಳದಲ್ಲಿ ಬಡಿಸುವಾಗ ಅವರು ಸೌಟು ಎತ್ತಿ ಗೇಟಿನ ಕಡೆ ತೋರಿಸಿದರು. ಶಾಮಿಯಾನದವರು ನಿಂತಿದ್ದರು. “ಅವ್ರು ಊಟ ಮಾಡಿದ್ರಾ ಕೇಳೋ.”

ಕೇಳೋ. ಆ ಪದಕ್ಕೆ ಉಳಿದದ್ದೆಲ್ಲ ಎದ್ದು ಬಂತು. ಸ್ಟ್ರೆಚರಿನ ಕಬ್ಬಿಣ, ಅಕ್ಕನ ಒಣಗಿದ ತುಟಿ.

“ಆ ಗಾಡಿಯವನು ಬೆಳಗ್ಗಿಂದ ಹೊರಗೇ ಕೂತಿದಾನೆ. ಊಟ ಮಾಡಿದನಾ ಕೇಳೋ ದೇವು.”

ಹ್ಞೂಂ ಎಂದಿದ್ದೆ. ಕೇಳಲಿಲ್ಲ. ಹೊರಗೆ ಹೋದಾಗ ಅವನ ಚಪ್ಪಲಿ ದಾಟಿಕೊಂಡು ಹೋಗಿದ್ದೆ.

ಗಂಜಿ ಬಟ್ಟಲು ಕೈಯಲ್ಲೇ ತಣ್ಣಗಾಯಿತು.

ಏಪ್ರಿಲ್ 19, ಶನಿವಾರ

ಬೆಳಿಗ್ಗೆ ಗೇಟಿನ ಚಿಲಕದ ಸದ್ದು. ಬಾಗಿಲು ತೆಗೆದೆ. ಚೀಲ ನೇತುಹಾಕುತ್ತಿದ್ದವನು ಒಂದು ಹೆಜ್ಜೆ ಹಿಂದೆ ಸರಿದ. ಅವನಿಗೆ ಹೇಳಲು ತಿಂಗಳುಗಟ್ಟಲೆ ವಾಕ್ಯಗಳನ್ನು ಜೋಡಿಸಿಟ್ಟಿದ್ದೆ. ಒಳ್ಳೆಯ ವಾಕ್ಯಗಳು. ಒಂದೂ ಬರಲಿಲ್ಲ.

“ಊಟ ಮಾಡಿದೆಯಾ?”

ಆ ಹೊತ್ತಿಗೆ ಯಾರೂ ಕೇಳದ ಪ್ರಶ್ನೆ. ಅವನು ಆಕಾಶ ನೋಡಿದ. “ಇನ್ನೂ ತಿಂಡೀನೇ ಆಗಿಲ್ಲ ಸಾರ್.”

ಒಳಗೆ ಬರಲು ಒಪ್ಪಲಿಲ್ಲ. ಜಗಲಿಯಲ್ಲಿ ಕೂತ. ಮೂಲೆಯ ಕಾಯಿ ರಾಶಿ ಕಂಡಿತು. ಒಂದನ್ನೆತ್ತಿ ಕಿವಿಯ ಹತ್ತಿರ ಆಡಿಸಿದ. ನನಗೆ ನಾಚಿಕೆಯಾಯಿತು. ಅವನೇ, “ಹಾಳಾಗಲ್ಲ ಬಿಡಿ ಸಾರ್. ನೀರು ಇಂಗಿದ್ರೆ ಕೊಬ್ರಿ ಆಯ್ತದೆ,” ಎಂದ.

ಅಕ್ಕಿ ಅಳೆದೆ, ಹಿಡಿ ತೆಗೆದೆ. ಬಾಗಿಲಿಂದ ನೋಡುತ್ತಿದ್ದ. ಯಾಕೆ ವಾಪಸು ತೆಗೆದಿರಿ ಎಂದು ಕೇಳಿದ. ಅಕ್ಕ ಮಾಡುತ್ತಿದ್ದಳು ಎಂದೆ. ಅವನ ಅಜ್ಜಿಯೂ ಜೋಗಿಗಳಿಗೆಂದು ಹೀಗೇ ತೆಗೆದಿಡುತ್ತಿದ್ದಳಂತೆ. ಕುಕ್ಕರ್ ಕೂಗಿತು. ಮತ್ತೆ, ನನ್ನ ಕಡೆ ನೋಡದೆ:

“ಅಮ್ಮ ಆವತ್ತು ರೋಡಲ್ಲಿ ನನ್ನ ಕೈ ಹಿಡ್ಕಂಡಿದ್ರು ಸಾರ್. ಹೆಸ್ರೇನಪ್ಪ ಅಂದ್ರು. ಅಂಥ ಹೊತ್ತಲ್ಲಿ. ಕುಮಾರ ಅಂದೆ. ಕಣ್ಮುಚ್ಕಂಡು ಕುಮಾರ, ಕುಮಾರ ಅಂತ ಎರಡ್ಸಲ ಅಂದ್ರು. ಬೈತಾವ್ರೆ ಅನ್ಕಂಡೆ. ಬೈತಿರಲಿಲ್ಲ. ಅದ್ನೇ ನಿಮಗೆ ಹೇಳಬೇಕಿತ್ತು.”

ಹಿಡಿ ಮುಚ್ಚಿದ ಅಕ್ಕನ ಕೈಯ ಚಿತ್ರ ಬಂತು. ಅದರೊಳಗೆ ಅಕ್ಕಿಯಿರಲಿಲ್ಲ, ಅವನ ಕೈಯಿತ್ತು.

ಅನ್ನ, ಹುಣಸೆ ಸಾರು. ಅವನ ಕಾಯಿಯನ್ನೇ ಒಡೆದು ಚಟ್ನಿ. ತಲೆ ತಗ್ಗಿಸಿ ಉಂಡ. ಇನ್ನೊಂದು ಸಲ ಹಾಕಿಸಿಕೊಂಡ. ತಟ್ಟೆ ತಾನೇ ತೊಳೆದಿಟ್ಟ. ಕೇಸಿನ ಮಾತು ಅವನೂ ತೆಗೆಯಲಿಲ್ಲ. ದನ ಎಲ್ಲಿಂದ ಬಂತು ಎಂದು ನಾನೇ ಕೇಳಿದೆ. ಹೇಳಿದ. ಮೊದಲ ಸಲ ಪೂರ್ತಿ ಕೇಳಿದೆ. ಬತ್ತೀನಿ ಸಾರ್ ಎಂದು ಹೋದ.

ಏಪ್ರಿಲ್ 20, ಭಾನುವಾರ. ಬೆಳಗಿನ ಜಾವ

ಸಮಾಧಿ ತೋಟದಲ್ಲಿ ಈಸ್ಟರ್ ಆರಾಧನೆ, ಹೊತ್ತು ಹುಟ್ಟುವಾಗ. ಹೊರಡಬೇಕು. ಸಮಾಧಾನಮ್ಮ ಟಾರ್ಚು ಹಿಡಿದು ಆಗಲೇ ಗೇಟಿನಲ್ಲಿದ್ದಾರೆ. ಬೇಗ ಬಾರೋ ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದರು.

ಕಂಡಿತೇ ಎಂದು ಕೇಳಿದರೆ — ಸ್ವಲ್ಪ. ಜಗಲಿಯಲ್ಲಿ ಒಬ್ಬ ಮನುಷ್ಯ ಕೂತು ಉಣ್ಣುತ್ತಿದ್ದ. ಮರವಲ್ಲ. ಅವನಿಗೆ ಬಡಿಸುತ್ತಿದ್ದದ್ದು ನಾನೊಬ್ಬನೇ ಅಲ್ಲ ಎಂದು ಆ ಹೊತ್ತಿಗೆ ಅನುಮಾನವಿರಲಿಲ್ಲ. ಅದಕ್ಕಿಂತ ಹೆಚ್ಚು ಬರೆದರೆ ಸುಳ್ಳಾಗುತ್ತದೆ. ಕೈ ಇನ್ನೊಂದು ಸಲ ಬೇಕು ನನಗೆ. ಇನ್ನೂ ಎಷ್ಟೋ ಸಲ.

ಗಾಡಿಯವನು ಊಟ ಮಾಡಿದ, ಅಕ್ಕಾ. ಕೇಳಿದೆ. ತಡವಾಯಿತು.

ಕೊನೆಗೆ ನೀನೂ ಹೆಸರು ಬದಲಾಯಿಸಿದೆ. ಸರಿ, ಅವನಿಗೆ ಬೇಕಿತ್ತು. ಈಗ ಅವನ ಹೆಸರು ನನ್ನ ಹಿಡಿಯಲ್ಲಿದೆ. ಈ ಅಡುಗೆಮನೆಯಲ್ಲಿ ನನ್ನ ಹೆಸರು ಹೇಳುವವರಿಲ್ಲ. ಇವತ್ತಿನಿಂದ ನಾನು ಯಾರ ಹಿಡಿಯಲ್ಲಿ, ಅಕ್ಕಾ?